ಹೆಸರು ಮುಚ್ಚಿದ ಸಂದರ್ಶನ

ನಮ್ಮ ಆಫೀಸಿನಲ್ಲಿ ಅವನನ್ನ ಎಲ್ಲರೂ ತಕ್ಕಡಿ ಅಂತಲೇ ಕರೀತಾರೆ. ಎದುರಿಗೂ ಹಾಗೇ, ಬೆನ್ನ ಹಿಂದೂ ಹಾಗೇ. ಟೀ ಹೇಗಿದೆ ಅಂತ ಕೇಳಿದ್ರೆ ಸುಮ್ಮನೆ ಚೆನ್ನಾಗಿದೆ ಅಂದುಬಿಡೋ ಪೈಕಿ ಅಲ್ಲ. ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ನಿನ್ನೆಗಿಂತ ಪರವಾಗಿಲ್ಲ, ಸಕ್ಕರೆ ಒಂದು ಚೂರು ಮುಂದಾಯ್ತು, ಆದ್ರೆ ಬಿಸಿ ಸರಿಯಾಗಿದೆ ಅಂತಾನೆ. ಟೀ ಮಾಡಿದವಳು ನಾನು. ಮೈಯೆಲ್ಲ ಉರಿಯುತ್ತೆ. ಆದ್ರೂ ಇದ್ದದ್ದು ಹೇಳ್ಬೇಕು, ಅವನ ಬಾಯಿಂದ ಒಂದೇ ಒಂದು ಸುಳ್ಳು ಬಂದಿದ್ದು ನಾನು ಇವತ್ತಿನವರೆಗೂ ಕೇಳಿಲ್ಲ. ಆ ಒಳ್ಳೆ ಗುಣವೇ ಅವನ ಮನೆಯ ನೆಮ್ಮದಿ ತಿಂದುಹಾಕಿತು.

ನಾನು ಅಲ್ಲಿ ಏನು ಕೆಲಸ ಮಾಡ್ತೀನಿ ಅಂತ ಕೇಳಬೇಡಿ, ಏನು ಮಾಡಲ್ಲ ಅಂತ ಕೇಳಿ. ಬಾಗಿಲು ತೆಗೆಯೋದು, ಬಾಡಿಗೆ ಕೇಳೋಕೆ ಬರೋರ ಹತ್ರ ಜಗಳ ಆಡೋದು, ಹಾಜರಿ, ರಜಾ, ಕೆಟ್ಟು ನಿಂತ ಪ್ರಿಂಟರ್, ಬೇಜಾರಾದ ಇಂಜಿನಿಯರ್, ಎಲ್ಲ ನನ್ನ ತಲೆಗೇ. ಹಾಸಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ದೊಡ್ಡ ಕೋಣೆ, ಎರಡು ಸಣ್ಣವು. ಲಿಫ್ಟು ಇದೆ, ಓಡಲ್ಲ. ಡಾಕ್ಟರುಗಳ ಕ್ಲಿನಿಕ್‌ನಲ್ಲಿ ರೋಗಿಗಳಿಗೆ ಸರದಿ ಗೊತ್ತುಮಾಡೋ ಸಾಫ್ಟ್‌ವೇರ್ ನಾವು ಮಾಡೋದು. ಸ್ಟಾರ್ಟಪ್ ಅಂದ್ರೆ ಏನತ್ತಿಗೆ ಅಂತ ನನ್ನ ನಾದಿನಿ ಕೇಳಿದ್ದಕ್ಕೆ, ವರ್ಷಗಟ್ಟಲೆ ಶುರುವಾಗ್ತಾನೇ ಇರೋ ಕಂಪನಿ ಕಣೇ ಅಂದಿದ್ದೆ. ಯಜಮಾನ ನನ್ನ ದೊಡ್ಡ ಮಗನಿಗಿಂತ ಚಿಕ್ಕವನು. ಕೆಟ್ಟವನೇನಲ್ಲ, ಆದ್ರೆ ಮನುಷ್ಯರನ್ನ ಆರಿಸೋ ವಿಷಯದಲ್ಲಿ ಅವನ ಕಣ್ಣು ಶುದ್ಧ ಕುರುಡು. ಯಾರ ಜೊತೆ ಹರಟೆ ಚೆನ್ನಾಗಿ ಕುದುರುತ್ತೋ ಅವರನ್ನ ಕೆಲಸಕ್ಕೆ ಸೇರಿಸಿಕೊಂಡುಬಿಡ್ತಿದ್ದ. ಹಾಗೆ ಬಂದವನೊಬ್ಬ ಹರಟೆಯಲ್ಲಿ ಭಾರಿ ಗಟ್ಟಿಗ, ಕಂಪ್ಯೂಟರ್ ಮುಂದೆ ಕೂರಿಸಿದ್ರೆ ಬೆಪ್ಪುತಕ್ಕಡಿ. ಅವನು ಮಾಡಿಟ್ಟ ಎಡವಟ್ಟನ್ನ ಬಿಡಿಸೋಕೆ ತಕ್ಕಡಿಗೆ ಒಂದು ಬೇಸಿಗೆಯೇ ಹೋಯ್ತು. ಆಮೇಲೆ ಯಜಮಾನ ಕೈ ಎತ್ತಿಬಿಟ್ಟ. ಇನ್ನು ಮೇಲೆ ಜನರನ್ನ ಆರಿಸೋ ಕ್ರಮ ನೀನೇ ಕಟ್ಟಪ್ಪ, ನಾನು ಅಡ್ಡ ಬರಲ್ಲ ಅಂದ.

ತಕ್ಕಡಿ ಆ ಕೆಲಸಕ್ಕೆ ಬಿದ್ದ ರೀತಿ ನೋಡಿದ್ರೆ ನಿಮಗೂ ಪಾಪ ಅನ್ನಿಸ್ತಿತ್ತು. ಅದರ ಹಿಂದೆ ಇದ್ದದ್ದು ಅವನ ಹೆಂಡತಿ.

ಅವಳೂ ಇಂಜಿನಿಯರೇ. ಇಬ್ಬರೂ ಒಂದು ಕಾಲದಲ್ಲಿ ಒಂದೇ ದೊಡ್ಡ ಕಂಪನಿಯಲ್ಲಿ ಇದ್ದೋರು. ಅಲ್ಲಿ ಅವಳೇ ಇವನಿಗಿಂತ ಮೇಲೆ, ಇವನ ತಪ್ಪು ತಿದ್ದುತ್ತಿದ್ದವಳೇ ಅವಳು. ಮದುವೆಯಾಗಿ ಮಗಳು ಹುಟ್ಟಿದ ಮೇಲೆ ಇವನಮ್ಮ ಹಾಸಿಗೆ ಹಿಡಿದರು. ಬಲಗಡೆ ಪೂರ್ತಿ ಸ್ವಾಧೀನ ತಪ್ಪಿತ್ತು, ಮಾತೂ ಹೋಗಿತ್ತು. ಇಬ್ಬರಲ್ಲಿ ಒಬ್ಬರು ಮನೇಲಿ ಇರಬೇಕಾಯ್ತು, ಅವಳು ಉಳಿದಳು. ಬರೀ ಕೆಲವು ತಿಂಗಳು ಅಂತ ಉಳಿದವಳು ವರ್ಷಾನುಗಟ್ಟಲೆ ಉಳಿದಳು. ಅತ್ತೆಗೆ ತಿನ್ನಿಸೋದು, ಒರೆಸೋದು, ಮಗ್ಗುಲು ಬದಲಾಯಿಸೋದು, ಕಣ್ಣ ಸನ್ನೆಯಲ್ಲೇ ಬೇಕು ಬೇಡ ಕೇಳೋದು. ಅತ್ತೆ ತೀರಿಕೊಂಡ ಮೇಲೆ ಮತ್ತೆ ಕೆಲಸ ಹುಡುಕೋಕೆ ಶುರು ಮಾಡಿದಳು. ಎಲ್ಲೆಲ್ಲಿ ಅರ್ಜಿ ಹಾಕಿದ್ರೂ ಎಲ್ಲರ ಕಣ್ಣೂ ಮೊದಲು ಹೋಗಿ ನಿಲ್ಲೋದು ಆ ಖಾಲಿ ವರ್ಷಗಳ ಮೇಲೆ. ಕೆಲವರು ಉತ್ತರಾನೇ ಕೊಡ್ತಿರಲಿಲ್ಲ. ಉಳಿದವರು ಮಷೀನು ಬರೆದಂಥ ಒಂದು ಸಾಲು ಕಳಿಸ್ತಿದ್ರು. ಅದನ್ನ ನೋಡಿ ನೋಡಿ ತಕ್ಕಡಿಗೆ ಹೊಟ್ಟೆಯಲ್ಲಿ ಬೆಂಕಿ. ಅವಳ ಕೆಲಸ ಒಂದು ಸಲ ನೋಡಿದ್ರೆ ಸಾಕಕ್ಕ, ಇವರೆಲ್ಲ ಬಾಗಿಲಿಗೆ ಬಂದು ಕರೀತಿದ್ರು ಅಂತ ನನ್ನ ಮುಂದೆ ಕೂತು ಹಲ್ಲು ಕಡೀತಿದ್ದ.

ಹಾಗಾಗಿ ಅವನು ಕಟ್ಟಿದ ಕ್ರಮದಲ್ಲಿ ಮೊದಲನೇ ನಿಯಮ, ಕೆಲಸ ಬಿಟ್ಟು ಬೇರೇನೂ ಕಾಣಬಾರದು. ಅರ್ಜಿ ನೇರ ನನ್ನ ಹತ್ರ ಬರಬೇಕು. ಹೆಸರು, ವಯಸ್ಸು, ಫೋಟೋ, ಕಾಲೇಜು, ಎಷ್ಟು ವರ್ಷ ಎಲ್ಲಿ ಇದ್ರು ಅನ್ನೋದು, ಎಲ್ಲ ನಾನು ಮುಚ್ಚಿಡಬೇಕು. ತಿದ್ದೋರಿಗೆ ಅದರ ವಾಸನೆಯೂ ತಾಗಬಾರದು. ಸರಿ, ನಂಬರ್ ಕೊಡ್ತೀನಿ ಅಂದೆ. ನಂಬರ್ ಬೇಡ, ಮೊದಲು ಬಂದವರ ಮೇಲೆ ಮನಸ್ಸು ವಾಲುತ್ತೆ ಅಂದ. ಹಕ್ಕಿ ಹೆಸರು ಇಡ್ಲಾ ಅಂದೆ. ನವಿಲಿಗೂ ಕಾಗೆಗೂ ಒಂದೇ ಮರ್ಯಾದೆ ಕೊಡೋಕೆ ಆಗುತ್ತಾ ಅಕ್ಕ ಅಂತ ಅದಕ್ಕೂ ತಕರಾರು. ಪುಣ್ಯಾತ್ಮನ ಕಾಟ ತಾಳಲಾರದೆ ನನ್ನ ಮೇಜಿನ ಮೇಲೆ ಏನೇನು ಬಿದ್ದಿತ್ತೋ ಅದನ್ನೇ ಹೆಸರು ಮಾಡಿದೆ. ಕತ್ತರಿ, ಗೋಂದು, ಸ್ಕೇಲು, ಗುಂಡುಸೂಜಿ, ಹೀಗೆ. ಅದಕ್ಕೆ ಒಪ್ಪಿದ. ಅಭ್ಯರ್ಥಿಗಳ ಬಗ್ಗೆ ಮಾತಾಡುವಾಗ ಅವನು, ಅವಳು ಅನ್ನಬಾರದು, ಈ ವ್ಯಕ್ತಿ ಅನ್ನಬೇಕು ಅಂತ ಇನ್ನೊಂದು ಕಟ್ಟಳೆ. ಗೋಂದು ಅನ್ನೋ ವ್ಯಕ್ತಿ ಚೆನ್ನಾಗಿ ಯೋಚಿಸುತ್ತೆ ಅಂತ ಅವನು ಗಂಭೀರವಾಗಿ ಹೇಳ್ತಿದ್ರೆ ನಾನು ಸೆರಗು ಬಾಯಿಗೆ ಇಟ್ಕೊಂಡು ನಗ್ತಿದ್ದೆ.

ಒಗಟು ಕೇಳೋದು, ಬೋರ್ಡ್ ಮುಂದೆ ನಿಲ್ಲಿಸಿ ಬೆವರಿಳಿಸೋದು, ಇವೆಲ್ಲ ಅವನಿಗೆ ಆಗಿಬರಲ್ಲ. ನಮ್ಮದೇ ಸಾಫ್ಟ್‌ವೇರ್‌ನಲ್ಲಿ ಹಿಂದೆ ನಿಜವಾಗಿ ಆಗಿದ್ದ ಒಂದು ತಪ್ಪನ್ನ ಆರಿಸಿದ. ಒಂದೇ ಹೊತ್ತಿಗೆ ಇಬ್ಬರು ರೋಗಿಗಳಿಗೆ ಡಾಕ್ಟರು ಸಿಗ್ತಾರೆ ಅಂತ ತೋರಿಸಿಬಿಡೋ ತಪ್ಪು. ಅದರ ಸಣ್ಣ ರೂಪವನ್ನ ಮನೆಗೆ ಕಳಿಸಿ, ನಿಧಾನವಾಗಿ ಸರಿಮಾಡಿ ಕೊಡಿ ಅನ್ನೋದು ಮೊದಲ ಹಂತ. ಅದರಲ್ಲಿ ಗೆದ್ದವರು ಎರಡನೇ ಹಂತಕ್ಕೆ. ಅಲ್ಲಿ ನಮ್ಮ ಇಂಜಿನಿಯರ್ ಜೊತೆ ಒಂದೇ ಪರದೆಯ ಮೇಲೆ, ಇಂಟರ್‌ನೆಟ್ ಮೂಲಕ, ಅರ್ಧ ದಿನ ಸೇರಿ ಕೆಲಸ ಮಾಡಬೇಕು. ಮುಖ ಕಾಣಬಾರದು, ದನಿ ಕೇಳಬಾರದು, ಮಾತೆಲ್ಲ ಟೈಪ್ ಮಾಡಿಯೇ ಆಡಬೇಕು. ತಿದ್ದೋರು ಇಬ್ಬರು, ತಕ್ಕಡಿ ಮತ್ತು ಕನ್ನಡಕ. ಕನ್ನಡಕ ನಮ್ಮಲ್ಲಿ ಎಲ್ಲರಿಗಿಂತ ಹೊಸ ಇಂಜಿನಿಯರ್. ಇಬ್ಬರೂ ತಮ್ಮ ತೀರ್ಮಾನವನ್ನ ಒಬ್ಬರಿಗೊಬ್ಬರು ಹೇಳದೆ ಬರೆದು ನನಗೆ ಕೊಡಬೇಕು, ಕೊಟ್ಟ ಮೇಲೆ ತಿರುಗಿ ತಿದ್ದೋ ಹಾಗಿಲ್ಲ. ಇಬ್ಬರಲ್ಲಿ ಒಬ್ಬರು ಬೇಡ ಅಂದ್ರೂ ಬೇಡವೇ. ಕೊನೇ ನಿಯಮ ಅವನಿಗೆ ಪ್ರಾಣ. ಬೇಡ ಅಂದವರು ಯಾಕೆ ಬೇಡ ಅಂತ ಅಭ್ಯರ್ಥಿಗೆ ಇದ್ದದ್ದು ಇದ್ದ ಹಾಗೆ ಬರೆದು ಕಳಿಸಬೇಕು. ಬಾಗಿಲು ಮುಖಕ್ಕೆ ಹಾಕೋದಾದ್ರೆ ಕಾರಣ ಹೇಳಿ ಹಾಕೋಣ ಅಂದ.

ಇದನ್ನೆಲ್ಲ ಅವನು ಮನೇಲೂ ಹೇಳ್ತಿದ್ದ, ಅವಳು ಕಿವಿ ಕೊಟ್ಟು ಕೇಳ್ತಿದ್ದಳು. ಆದ್ರೆ ನೀನು ಮಾತ್ರ ನಮ್ಮಲ್ಲಿ ಹಾಕಬೇಡ, ತಿದ್ದೋನು ನಾನೇ, ಗಂಡ ಹೆಂಡತಿ ಅಂದ್ರೆ ಸರಿಹೋಗಲ್ಲ ಅಂತ ಮೊದಲೇ ಗೆರೆ ಎಳೆದಿದ್ದ.

ಒಂದು ಬೆಳಿಗ್ಗೆ ನಾನು ಆಫೀಸಿಗೆ ಹೊರಡುವಾಗ ಅವಳು ನಮ್ಮನೆ ಬಾಗಿಲಿಗೆ ಬಂದಳು. ಕೂರು ಅಂದ್ರೆ ಕೂರಲಿಲ್ಲ. ತನ್ನ ತವರಿನ ಹೆಸರಲ್ಲಿ ಅರ್ಜಿ ಹಾಕ್ತೀನಿ, ನೀವು ಹೆಸರು ಮುಚ್ಚಿಬಿಡಿ, ಅವನಿಗೆ ಗೊತ್ತಾಗೋದು ಬೇಡ ಅಂದಳು. ನನಗೆ ಸಿಟ್ಟೇ ಬಂತು. ಏನು ತಮಾಷೆನಾ, ಆಮೇಲೆ ಗಂಡನ ಮುಂದೆ ನನ್ನನ್ನ ಕಳ್ಳಿ ಮಾಡ್ತೀಯಾ ಅಂತ ಬೈದೆ. ಅವಳು ಸುಮ್ಮನೆ ಬೈಸಿಕೊಂಡಳು. ಆಮೇಲೆ ಹೇಳಿದಳು.

"ಅಕ್ಕ, ಎಲ್ಲ ಕಡೆ ನನ್ನ ಖಾಲಿ ವರ್ಷ ನೋಡಿ ಬೇಡ ಅಂದ್ರು. ನನ್ನ ಕೆಲಸ ನೋಡಿ ಬೇಕು ಬೇಡ ಅನ್ನೋ ಜಾಗ ಅಂತ ನನಗೆ ಗೊತ್ತಿರೋದು ಇದೊಂದೇ. ಅದನ್ನೂ ನನಗೆ ಮುಚ್ಚಿಬಿಟ್ರೆ ನಾನೆಲ್ಲಿಗೆ ಹೋಗ್ಲಿ?"

ಆಯ್ತು ಅಂದೆ. ಬೇಡ ಅಂದ್ರೆ ಅವರು ಬರೆದದ್ದನ್ನ ಒಂದಕ್ಷರ ಬಿಡದೆ ನನಗೆ ಕಳಿಸಬೇಕು, ನನ್ನ ಮುಖ ನೋಡಿ ಮೆತ್ತಗೆ ಮಾಡಬಾರದು ಅಂತ ಅವಳು ಮಾತು ತಗೊಂಡಳು. ಅವಳಿಗೆ ಗುಂಡುಸೂಜಿ ಅಂತ ಹೆಸರು ಬಿತ್ತು.

ಮನೆಗೆ ಕಳಿಸಿದ ಕೆಲಸದಲ್ಲಿ ಗುಂಡುಸೂಜಿ ಎಲ್ಲರನ್ನೂ ಹಿಂದೆ ಹಾಕಿತು. ತಕ್ಕಡಿ ನನ್ನ ಮೇಜಿನ ಹತ್ರ ಬಂದು, ಈ ವ್ಯಕ್ತಿ ತಪ್ಪಿನ ಬೇರಿಗೇ ಕೈ ಹಾಕಿದೆ ಅಕ್ಕ, ಉಳಿದವರೆಲ್ಲ ಎಲೆ ಕೀಳ್ತಿದ್ದಾರೆ ಅಂದ. ನನಗೆ ಒಳಗೊಳಗೇ ಕುಣಿಯೋ ಹಾಗಾಯ್ತು. ಕೊನೆಗೆ ಎರಡನೇ ಹಂತಕ್ಕೆ ಉಳಿದದ್ದು ಕತ್ತರಿ ಮತ್ತು ಗುಂಡುಸೂಜಿ.

ಅವಳ ಸರದಿ ಬಂದ ದಿನ ಮಗಳನ್ನ ಶಾಲೆಗೆ ಬಿಟ್ಟು ನೇರ ನಮ್ಮನೆಗೆ ಬಂದಳು. ಅಡುಗೆಮನೆ ಪಕ್ಕದ ಊಟದ ಮೇಜಿನ ಮೇಲೆ ತನ್ನ ಹಳೇ ಲ್ಯಾಪ್‌ಟಾಪ್ ಇಟ್ಟಳು. ಅವಳಿಗೆ ಕೀಲಿ ಕೊಟ್ಟು ನಾನು ಆಫೀಸಿಗೆ ಓಡಿದೆ. ಅಲ್ಲಿ ಸಣ್ಣ ಕೋಣೆಯ ಗಾಜಿನಾಚೆ ತಕ್ಕಡಿ ಕೂತಿದ್ದ, ಹಿಂದೆ ಕನ್ನಡಕ ಕುರ್ಚಿ ಎಳೆದುಕೊಂಡು ನೋಡ್ತಿದ್ದ. ಏನಾದ್ರೂ ನೆವ ಮಾಡಿಕೊಂಡು ನಾನು ಆ ಕಡೆ ಓಡಾಡಿದ್ದೇ ಓಡಾಡಿದ್ದು. ಮೊದಲಿಗೆ ತಕ್ಕಡಿ ಪರದೆ ನೋಡಿ ನಗ್ತಿದ್ದ. ಬಾಯಿ ತುಂಬ ನಗು. ಮನೆಯಿಂದ ಬರುವಾಗ ಆ ಮುಖದಲ್ಲಿ ಅಂಥ ನಗು ನಾನು ಕಂಡದ್ದು ಕಡಿಮೆ. ಗಂಡ ಹೆಂಡತಿ ಹೀಗೆ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಎಷ್ಟು ಚೆನ್ನಾಗಿ ಮಾತಾಡ್ತಿದ್ದಾರಲ್ಲ ಅಂತ ನನ್ನ ಕಣ್ಣು ಒದ್ದೆಯಾಯ್ತು, ಮೆಟ್ಟಿಲ ಹತ್ರ ಹೋಗಿ ಅವಳಿಗೊಂದು ಫೋನ್ ಮಾಡಿ ಹೇಳಿಯೂಬಿಟ್ಟೆ. ಊಟದ ಹೊತ್ತಿಗೆ ನೋಡಿದ್ರೆ ನಗು ಇಳಿದಿತ್ತು. ಗಲ್ಲಕ್ಕೆ ಕೈ ಕೊಟ್ಟು ಕಾಯ್ತಾ ಕೂತಿದ್ದ. ತಪ್ಪೆಲ್ಲಿದೆ ಅಂತ ಅವಳು ತಟ್ಟನೆ ಹೇಳಿದ್ದಳಂತೆ. ಆದ್ರೆ ಸರಿಮಾಡೋ ಸಲಕರಣೆಗಳೆಲ್ಲ ಅವಳು ಕೆಲಸ ಬಿಟ್ಟ ಮೇಲೆ ಬಂದವು. ಒಂದೊಂದನ್ನೂ ಹುಡುಕಿ ಓದಿ ಮಾಡಬೇಕಾಯ್ತು. ಮಾಡೋಕೆ ಮೊದಲು ಪ್ರತಿ ಸಲ, ಈಗ ಇದನ್ನ ಹೀಗೆ ಮಾಡ್ಲಾ, ಪರವಾಗಿಲ್ವಾ ಅಂತ ಕೇಳ್ತಿದ್ದಳಂತೆ. ಹೊತ್ತು ಮುಗಿದಾಗ ಕೆಲಸ ಅರ್ಧದಲ್ಲೇ ನಿಂತಿತ್ತು.

ಸಂಜೆ ಇಬ್ಬರ ತೀರ್ಮಾನವೂ ನನ್ನ ಕೈಗೆ ಬಂತು. ಕನ್ನಡಕ ಬೇಕು ಅಂದಿದ್ದ. ಯೋಚನೆ ಗಟ್ಟಿಯಾಗಿದೆ, ಸಲಕರಣೆ ಯಾರು ಬೇಕಾದ್ರೂ ಕಲೀಬಹುದು ಅಂತ ಬರೆದಿದ್ದ. ತಕ್ಕಡಿ ಬೇಡ ಅಂದಿದ್ದ. ಜೊತೆಗೆ ಅಭ್ಯರ್ಥಿಗೆ ಕಳಿಸಬೇಕಾದ ಕಾರಣ:

"ನೀವು ಸ್ಪಷ್ಟವಾಗಿ ಯೋಚಿಸುತ್ತೀರಿ. ಒಂದು ಕಾಲದಲ್ಲಿ ನೀವು ಬಹಳ ಒಳ್ಳೆಯ ಇಂಜಿನಿಯರ್ ಆಗಿದ್ದಿರಬೇಕು. ಆದರೆ ಈಗಿನ ಸಲಕರಣೆಗಳು ನಿಮ್ಮ ಕೈಗೆ ಒಗ್ಗಿಲ್ಲ. ಸ್ವಂತ ನಿರ್ಧಾರದ ಮೇಲೆ ನಂಬಿಕೆ ಇಲ್ಲದೆ ಪ್ರತಿ ಹೆಜ್ಜೆಗೂ ಒಪ್ಪಿಗೆ ಕೇಳುತ್ತೀರಿ. ನಿಮ್ಮ ಪಕ್ಕದಲ್ಲಿ ಒಬ್ಬರು ಬಹಳ ಕಾಲ ಕೂರಬೇಕಾಗುತ್ತದೆ. ನಮ್ಮಲ್ಲಿ ಹಾಗೆ ಕೂರುವವರು ಯಾರೂ ಇಲ್ಲ."

ಎರಡು ಸಲ ಓದಿದೆ. ಅವನನ್ನ ಕರೆದು, ಒಂದು ಕಾಲದಲ್ಲಿ ಅಂತ ಯಾಕೋ ಬರೀತೀಯ, ಸತ್ತವರ ಬಗ್ಗೆ ಬರೆದ ಹಾಗಿದೆ, ತೆಗಿ ಅದನ್ನ ಅಂತ ರೇಗಿದೆ. ಅದು ಹೊಗಳಿಕೆ ಅಲ್ವಾ ಅಕ್ಕ ಅಂತ ಅವನಿಗೆ ಆಶ್ಚರ್ಯ. ಹೊಗಳಿಕೆ ನಿನ್ನ ತಲೆ ಅಂದೆ. ಅವನು ಕೂತು ಆ ಸಾಲನ್ನ ತಿರುಗಿಸಿ ಮುರುಗಿಸಿ ನೋಡಿದ. ಎಷ್ಟು ಹೊತ್ತು ನೋಡಿದ್ರೂ ಅದರಲ್ಲಿ ಸುಳ್ಳು ಕಾಣಲಿಲ್ಲ ಅವನಿಗೆ. ಸುಳ್ಳಲ್ಲದ್ದನ್ನ ಯಾಕೆ ತೆಗೀಲಿ, ಹಾಗೆ ಸಿಹಿ ಸವರಿ ಕಳಿಸೋರ ಸಾಲಿಗೆ ನಾವೂ ಸೇರಬೇಕಾ ಅಂದ. ಆ ಗಳಿಗೆಯಲ್ಲಿ ಯಾರು ಅಂತ ಹೇಳಿಬಿಡೋಣ ಅಂತ ನಾಲಿಗೆ ತುದಿಗೆ ಬಂದಿತ್ತು. ಅವಳಿಗೆ ಕೊಟ್ಟ ಮಾತು ಬಾಯಿ ಕಟ್ಟಿಹಾಕಿತು. ಇದ್ದದ್ದು ಇದ್ದ ಹಾಗೆ ಕಳಿಸಿದೆ.

ಮಾರನೇ ದಿನ ನಾನು ರಜಾ ಹಾಕಿ ಮನೇಲಿದ್ದೆ. ಅವಳು ಬಂದು ಅದೇ ಊಟದ ಮೇಜಿನ ಮುಂದೆ ಕೂತಳು. ಫೋನ್ ತೆಗೆದು ನನ್ನೆದುರಿಗೆ ಮತ್ತೆ ಓದಿದಳು. ನೀರು ಕೇಳಿದಳು, ಕೊಟ್ಟೆ, ಕುಡಿಯಲಿಲ್ಲ. ಅವನು ನಗ್ತಿದ್ದ ಅಂತ ನೀವು ಫೋನ್ ಮಾಡಿ ಹೇಳಿದ್ರಲ್ಲ ಅಕ್ಕ, ಆಗ ನನ್ನ ಗುರುತು ಸಿಕ್ಕಿಬಿಡ್ತೇನೋ ಅಂತ ಅಂದ್ಕೊಂಡೆ ಅಂದಳು. ಸಿಗಬಾರದು ಅಂತ ದೇವರನ್ನ ಬೇಡ್ಕೊತಾ ಇದ್ದೋಳಿಗೆ ಸಿಗಲಿಲ್ಲ ಅನ್ನೋದು ಅಷ್ಟು ನೋಯುತ್ತೆ ಅಂತ ಅವಳಿಗೇ ಗೊತ್ತಿರಲಿಲ್ಲ. ಅವನಿಗೆ ಎರಡು ಹಾಕ್ಲಾ ಕೆನ್ನೆಗೆ ಅಂತ ನಾನು ಕೇಳಿದೆ. ಅವಳು ನಗಲಿಲ್ಲ. ಸರಿಯಾಗೇ ಬರೆದಿದ್ದಾನೆ ಅಕ್ಕ, ಅವನು ತೂಕ ತಪ್ಪಲ್ಲ ಅಂತ ಹೇಳಿ ಮಗಳನ್ನ ಕರೆತರೋಕೆ ಶಾಲೆಗೆ ಹೋದಳು. ನಾನು ಒಬ್ಬಳೇ ಕೂತು ಗಳಗಳ ಅತ್ತೆ.

ಅಲ್ಲಿಂದಾಚೆ ಅವಳು ಎಲ್ಲೂ ಅರ್ಜಿ ಹಾಕಲಿಲ್ಲ. ಬೇರೆಯವರು ಬೇಡ ಅಂದಾಗ ಅವಳು ಕೋಪ ಮಾಡ್ಕೊಂಡು ಮತ್ತೆ ಹಾಕ್ತಿದ್ದಳು, ಯಾಕಂದ್ರೆ ಅವರು ನೋಡದೆ ಬೇಡ ಅಂದವರು. ಇಲ್ಲಿ ನೋಡಿಯೇ ಬೇಡ ಅಂದಿದ್ರು. ಅವಳ ಲ್ಯಾಪ್‌ಟಾಪ್‌ನಲ್ಲಿ ಈಗ ಮಗಳು ಚಿತ್ರ ಬರೀತಾಳೆ ಅಂತ ತಕ್ಕಡಿಯೇ ಬಂದು ಹೇಳಿದ. ಇವಳು ಯಾಕೋ ಮಂಕಾಗಿದ್ದಾಳೆ, ಕೇಳಿದ್ರೆ ಏನಿಲ್ಲ ಅಂತಾಳೆ, ಇನ್ನೂ ಎಷ್ಟು ಕಡೆ ಉಳಿದಿದೆ, ಇಷ್ಟಕ್ಕೇ ಸೋತುಬಿಟ್ರೆ ಹೇಗೆ ಅಂತ ಒದ್ದಾಡ್ತಿದ್ದ. ದಿನಾ ನನ್ನ ಮೇಜಿನ ಮುಂದೆ ಇದೇ ಗೋಳು. ನಾನು ಗೋಡೆ ನೋಡ್ತಾ ಹೂಂ ಹೂಂ ಅಂತಿದ್ದೆ.

ಅಷ್ಟರಲ್ಲಿ ನಾವು ಸೇರಿಸಿಕೊಂಡಿದ್ದ ಕತ್ತರಿ ಅನ್ನೋ ಆಸಾಮಿ, ಕೆಲಸದಲ್ಲಿ ಬಲು ಚುರುಕು, ನೋಡ್ತಾ ನೋಡ್ತಾ ಇನ್ನೊಂದು ಕಂಪನಿಗೆ ಹಾರಿತು. ಜಾಗ ಮತ್ತೆ ಖಾಲಿಯಾಯ್ತು. ತಕ್ಕಡಿಯ ಮುಖ ಅರಳಿದ್ದು ಆಗಲೇ. ಭಾನುವಾರ ಮನೆಗೆ ಬನ್ನಿ ಅಕ್ಕ, ನೀವೂ ಒಂದು ಮಾತು ಹೇಳಿದ್ರೆ ಕೇಳ್ತಾಳೆ ಅಂತ ಗೋಗರೆದ. ಹೋಗಬಾರದು ಅಂತ ಎಷ್ಟೇ ಅಂದ್ಕೊಂಡ್ರೂ ಹೋದೆ.

ಅವಳು ಹಜಾರದಲ್ಲಿ ಮೇಜಿನ ಮೇಲೆ ಬಟ್ಟೆ ಹಾಸಿ ಮಗಳ ಶಾಲೆ ಬಟ್ಟೆಗೆ ಇಸ್ತ್ರಿ ಮಾಡ್ತಿದ್ದಳು. ಮಗಳು ಒಳಗೆ ಮಲಗಿದ್ದಳು. ಬೀದಿ ಕಡೆಯ ಕಿಟಕಿ ತೆರೆದಿತ್ತು, ಹೊರಗೆ ಯಾರೋ ಸ್ಕೂಟರ್ ತೊಳೀತಿದ್ರು. ತಕ್ಕಡಿ ಕುರ್ಚಿಯ ತುದಿಗೆ ಕೂತು, ಹೊಸ ವಿಷಯ ತಂದ ಹುಮ್ಮಸ್ಸಿನಲ್ಲಿ ಶುರುಮಾಡಿದ. ಜಾಗ ಖಾಲಿ ಇದೆ, ಈ ಸಲ ನಾನು ತಿದ್ದೋಕೆ ಕೂರಲ್ಲ, ಯಜಮಾನನ ಹತ್ರ ಮಾತಾಡಿದ್ದೀನಿ, ನೀನು ಹಾಕು ಅಂದ. ಅವಳು ಇಸ್ತ್ರಿ ಎತ್ತದೆ ಮುಂದಕ್ಕೆ ಹಿಂದಕ್ಕೆ ಆಡಿಸ್ತಾ ಇದ್ದಳು. ನೀವಾದ್ರೂ ಹೇಳಿ ಅಕ್ಕ ಅಂತ ಅವನು ನನ್ನ ಕಡೆ ನೋಡಿದ. ನಾನು ಕಿಟಕಿ ಕಡೆ ತಿರುಗಿದೆ. ಕೊನೆಗೆ ಅವನೇ ಅಂದ.

"ಹೆಸರು ಮುಚ್ಚಿ ಬರೀ ಕೆಲಸ ನೋಡಿದ್ರೆ ನಿನ್ನನ್ನ ಬೇಡ ಅನ್ನೋನು ಹುಟ್ಟೇ ಇಲ್ಲ ಕಣೇ."

ಅವಳು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟಳು.

"ಹಾಕಿದ್ದೆ. ನೀನೇ ಬೇಡ ಅಂದೆ."

ಅವನು ಮೊದಲು ತಮಾಷೆ ಅಂದ್ಕೊಂಡ. ಆಮೇಲೆ ನನ್ನ ಮುಖ ನೋಡಿದ. ಅವನು ಕೇಳೋಕೆ ಮೊದಲೇ ಗುಂಡುಸೂಜಿ ಅಂದೆ ನಾನು, ಇನ್ನು ಮುಚ್ಚಿಡೋಕೆ ಏನಿತ್ತು. ತಾನು ಬರೆದ ಸಾಲುಗಳು ಒಂದೊಂದಾಗಿ ನೆನಪಾಗ್ತಿದ್ದದ್ದು ಅವನ ಕಣ್ಣಲ್ಲೇ ಕಾಣ್ತಿತ್ತು. ನನಗೆ ಗೊತ್ತಿದ್ರೆ, ಅಂತ ಶುರುಮಾಡಿ ಅಲ್ಲೇ ನಿಂತ. ಅವಳು ಬಿಡಲಿಲ್ಲ. ಗೊತ್ತಿದ್ರೆ ಏನು ಬರೀತಿದ್ದೆ ಅಂತ ಕೇಳಿದಳು. ದನಿಯಲ್ಲಿ ಕೋಪವೇ ಇರಲಿಲ್ಲ, ನಿಜವಾಗಿ ತಿಳ್ಕೊಳ್ಳೋಕೆ ಕೇಳಿದ ಹಾಗಿತ್ತು.

ಅವನು ತೂಗೋಕೆ ಶುರುಮಾಡಿದ. ಅಯ್ಯೋ, ಸುಳ್ಳು ಹೇಳೋ ಪುಣ್ಯಾತ್ಮ, ಬದುಕಲ್ಲಿ ಒಂದೇ ಒಂದು ಸಲ ಸುಳ್ಳು ಹೇಳು ಅಂತ ನನ್ನ ಜೀವ ಬಡ್ಕೊತಿತ್ತು. ಅವಳು ಅವನ ಬಾಯನ್ನೇ ನೋಡ್ತಾ ನಿಂತಿದ್ದಳು. ಅವಳಿಗೂ ಅದೇ ಬೇಕಿತ್ತು ಅಂತ ನಾನು ಎಲ್ಲಿ ಬೇಕಾದ್ರೂ ಆಣೆ ಮಾಡಿ ಹೇಳ್ತೀನಿ.

ಅದನ್ನೇ ಬರೀತಿದ್ದೆ ಅಂದ ಅವನು. ತಲೆ ತಗ್ಗಿಸಿಕೊಂಡೇ ಅಂದ.

ಗೊತ್ತು ಅಂತ ಅವಳು ತಲೆಯಾಡಿಸಿದಳು. ಮಗಳ ಅಂಗಿಯ ತೋಳು ಎಳೆದು ನೇರಮಾಡಿ, ಮಡಿಸಿ, ಮಡಿಸಿದ ಬಟ್ಟೆಗಳ ಮೇಲಿಟ್ಟಳು. ಇನ್ನು ಮಾತಾಡಲ್ಲ ಅಂದ್ಕೊಂಡೆ ನಾನು.

"ನಿನ್ನಮ್ಮನ ಪಕ್ಕದಲ್ಲೂ ಒಬ್ಬರು ಬಹಳ ಕಾಲ ಕೂರಬೇಕಾಗಿತ್ತು," ಅಂದಳು. "ನಮ್ಮಲ್ಲಿ ಹಾಗೆ ಕೂರೋರು ಯಾರೂ ಇಲ್ಲ ಅಂತ ನಾನು ಬರೆದು ಕಳಿಸಲಿಲ್ಲ."

ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವನು ಕೂತಲ್ಲೇ ಕೂತಿದ್ದ, ಹಿಂದೆ ಹೋಗೋ ಧೈರ್ಯ ಅವನಿಗಿರಲಿಲ್ಲ. ನಾನು ಎದ್ದು ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ, ಅವನಿಗೂ ಹೇಳದೆ ಮೆಟ್ಟಿಲಿಳಿದು ಮನೆಗೆ ಬಂದೆ.